ಬೇರಿಂಗ್ ಕಾಗದ

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಜ್ಜಿ ಮನೆಗೆ ಒಂದು ಬೇರಿಂಗ್ ಕಾಗದ ಬಂದಿತ್ತು. ಸ್ಟಾಂಪ್ ಹಚ್ಚದೆ ಡಬ್ಬಿಗೆ ಹಾಕಿದ ಕಾಗದಕ್ಕೆ ಹಾಗೆ ಹೇಳುತ್ತಿದ್ದರು. ಕಳಿಸಿದವರು ಕೊಡದ ದುಡ್ಡನ್ನು ಬಿಡಿಸಿಕೊಳ್ಳುವವರು ಕೊಡಬೇಕು, ಅದೂ ಎರಡರಷ್ಟು. ಪೋಸ್ಟ್‌ಮ್ಯಾನ್ ಜಗಲಿ ಮೇಲೆ ಕೂತು, "ಅಮ್ಮಾ, ಬೇರಿಂಗ್ ಇದೆ. ಬಿಡಿಸ್ಕೋತೀರಾ, ವಾಪಸ್ ಕಳಿಸ್ಲಾ?" ಎಂದು ಕೇಳಿದರು. ಅಜ್ಜಿ ಕವರನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಕಳಿಸಿದವರ ಹೆಸರಿರಲಿಲ್ಲ. ಯಾರಿಗೆ ಏನಾಯಿತೋ ಎಂಬ ದಿಗಿಲು. ಒಳಗೆ ಹೋಗಿ ಸಾಸಿವೆ ಡಬ್ಬಿಯಿಂದ ಚಿಲ್ಲರೆ ತೆಗೆದು, ಎರಡು ಸಲ ಎಣಿಸಿ ಕೊಟ್ಟರು. ಕವರ್ ಒಡೆದರೆ ಒಳಗೊಂದು ಜಾತಕ. ದೂರದ ನೆಂಟರ ಮಗನದು. ಜೊತೆಗೆ ಒಂದು ಸಾಲೂ ಬರೆದಿರಲಿಲ್ಲ. ಯಾಕೆ ಕಳಿಸಿದರು, ಇವರು ಏನು ಮಾಡಬೇಕು, ಯಾವ ಮಾತೂ ಇಲ್ಲ. ಅಜ್ಜಿ ಬೈಯಲಿಲ್ಲ. "ಒಂದ್ ಮಾತು ಬರೀಬಾರ್ದಿತ್ತಾ" ಅಂದರು, ಅಷ್ಟೆ.

ಮೇಲ್ ತೆಗೆದಾಗ ಆ ಜಾತಕ ನನಗೆ ಈಗಲೂ ನೆನಪಾಗುತ್ತದೆ. ವಿಷಯದ ಜಾಗ ಖಾಲಿ. ಒಳಗೆ ಒಂದಕ್ಷರ ಇಲ್ಲ. ಕೆಳಗೆ ಒಂದು ಫೈಲ್, ಹೆಸರು 'ನ್ಯೂ ಡಾಕ್ಯುಮೆಂಟ್ 3'. ಅದರಲ್ಲಿ ಏನಿದೆ ಎಂದು ತಿಳಿಯಬೇಕಾದರೆ ಇಳಿಸಿಕೊಳ್ಳಬೇಕು, ತೆರೆಯಬೇಕು, ಓದಬೇಕು. ಅಷ್ಟಾದ ಮೇಲೆ ಅದು ನನಗೆ ಬೇಕಾದದ್ದೇ ಅಲ್ಲ ಎಂದು ಗೊತ್ತಾಗುತ್ತದೆ. ಕಳಿಸಿದವರು ಉಳಿಸಿಕೊಂಡ ಅರ್ಧ ನಿಮಿಷವನ್ನು ನಾನು ಎರಡರಷ್ಟು ಕಟ್ಟಿರುತ್ತೇನೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಹತ್ತು ಹನ್ನೆರಡು ವರ್ಷದಿಂದ ಬೇರೆ ಬೇರೆ ತಾಲ್ಲೂಕಿನ ಮೇಷ್ಟ್ರುಗಳು, ಮೇಡಂಗಳು ಗುಂಪಿನ ಎಲ್ಲರಿಗೂ ತಲುಪುವ ಒಂದೇ ವಿಳಾಸಕ್ಕೆ ಮೇಲ್ ಬರೆದು ಪಾಠ ಯೋಜನೆ, ಪ್ರಶ್ನೆ ಪತ್ರಿಕೆ, ಯಾವ ಪಾಠಕ್ಕೆ ಎಷ್ಟು ಅಂಕ ಎಂದು ತೋರಿಸುವ ನೀಲನಕ್ಷೆ ಎಲ್ಲವನ್ನೂ ಹಂಚಿಕೊಳ್ಳುತ್ತಾ ಬಂದಿದ್ದೇವೆ. ಇದರಿಂದ ನನಗೆ ಆದ ಉಪಕಾರ ಎಷ್ಟು ಎಂದು ಹೇಳಲಾರೆ. ಹಳಗನ್ನಡದ ಪದ್ಯವೊಂದರ ಅರ್ಥ ಬಿಡಿಸಲಾಗದೆ ರಾತ್ರಿ ಹತ್ತಕ್ಕೆ ಕೇಳಿದರೆ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಉತ್ತರ ಬಂದಿರುತ್ತಿತ್ತು. ಒಂಟಿ ಕನ್ನಡ ಮೇಷ್ಟ್ರು ಇರುವ ಶಾಲೆಗಳೇ ಜಾಸ್ತಿ, ಕೇಳಲು ಪಕ್ಕದಲ್ಲಿ ಇನ್ನೊಬ್ಬರು ಇರುವುದಿಲ್ಲ. ಹಾಗಾಗಿಯೇ ಈ ಹಂಚಿಕೆ ಕೆಟ್ಟರೆ ನನಗೆ ಸಂಕಟವಾಗುತ್ತದೆ.

1995ರ ಅಕ್ಟೋಬರ್‌ನಲ್ಲಿ ಇಂಟೆಲ್ ಕಂಪನಿಯ ಸ್ಯಾಲಿ ಹ್ಯಾಂಬ್ರಿಡ್ಜ್ ಎಂಬುವರು ಇಂಟರ್ನೆಟ್ ಬಳಸುವವರ ನಡವಳಿಕೆ ಕುರಿತು ಒಂದು ಪುಟ್ಟ ಕೈಪಿಡಿ ಸಿದ್ಧಮಾಡಿದರು. ಆರ್‌ಎಫ್‌ಸಿ 1855 ಎಂಬುದು ಅದರ ಸಂಖ್ಯೆ. ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಮಾತು ಒಂದಿದೆ. ಮಾಮೂಲಿ ಅಂಚೆಯ ಹಾಗಲ್ಲ, ಮೇಲ್‌ನ ಖರ್ಚನ್ನು ಕಳಿಸುವವರೂ ಪಡೆಯುವವರೂ ಹೆಚ್ಚುಕಮ್ಮಿ ಸಮನಾಗಿ ಹೊರುತ್ತಾರೆ ಎಂಬ ಅರ್ಥದ ಮಾತು ಅದು. ಅಂದರೆ ಪ್ರತಿ ಮೇಲ್ ಕೂಡ ಸ್ವಲ್ಪ ಬೇರಿಂಗ್ ಕಾಗದವೇ. ಅದೂ ನಮ್ಮ ಗುಂಪಿನ ಹಾಗೆ ನಾಲ್ಕು ನೂರು ಜನಕ್ಕೆ ಹೋಗುವ ಮೇಲ್ ಆದರೆ ಲೆಕ್ಕ ಹಾಕಿ ನೋಡಿ. ತಲಾ ಮೂರು ನಿಮಿಷ ವ್ಯರ್ಥವಾದರೆ 1,200 ನಿಮಿಷ. ಇಪ್ಪತ್ತು ಗಂಟೆ. ಒಬ್ಬ ಮೇಷ್ಟ್ರು ಸುಮಾರು ಒಂದು ವಾರ ಮಾಡುವ ಪಾಠದಷ್ಟು ಹೊತ್ತು. ಕಳಿಸುವವರು ಒಂದು ಸಾಲು ಬರೆದಿದ್ದರೆ ಇಷ್ಟೂ ಉಳಿಯುತ್ತಿತ್ತು ಅಲ್ವಾ?

ಆ ಕೈಪಿಡಿ 50 ಕಿಲೋಬೈಟ್‌ಗಿಂತ ದೊಡ್ಡ ಫೈಲ್ ಕಳಿಸಬೇಡಿ ಎನ್ನುತ್ತದೆ. ಇವತ್ತು ಒಂದು ಸಾಧಾರಣ ಫೋಟೊ ಅದರ ಐವತ್ತು ಅರವತ್ತು ಪಟ್ಟು ಇರುತ್ತದೆ. ಲೆಕ್ಕ ಹಳತಾಗಿದೆ, ಸರಿ. ಆದರೆ ನಮ್ಮ ಕಡೆ ಅದು ತೀರಾ ಮೊನ್ನೆ ಮೊನ್ನೆವರೆಗೂ ಹೊಸದೇ ಆಗಿತ್ತು. 2013ರ ಸುಮಾರಿಗೆ ನಾನಿದ್ದ ಊರಿನಲ್ಲಿ ಬಸ್ ಸ್ಟ್ಯಾಂಡ್ ಹಿಂದೆ ಒಂದು ಸೈಬರ್ ಇತ್ತು. ಅರ್ಧ ವಾರ್ಷಿಕ ಪರೀಕ್ಷೆಯ ನೀಲನಕ್ಷೆ ಬೇಕೆಂದು ನಾನೇ ಕೇಳಿದ್ದೆ. ಒಬ್ಬರು ಪ್ರೀತಿಯಿಂದ ಕಳಿಸಿದರು. ಪುಸ್ತಕವೊಂದನ್ನು ಪೂರ್ತಿ ಫೋಟೊ ಹೊಡೆದು, 22 ಚಿತ್ರಗಳನ್ನು ಬಿಡಿ ಬಿಡಿಯಾಗಿ ಐದು ಮೇಲ್‌ಗಳಲ್ಲಿ ಹಾಕಿದ್ದರು. ಶಾಲೆ ಬಿಟ್ಟ ಮೇಲೆ ಹೋಗಿ ಕೂತೆ. ಪರದೆ ಮೇಲೆ ಹಸಿರು ಗೆರೆ ಇಂಚಿಂಚೇ ಮುಂದಕ್ಕೆ ಹೋಗುತ್ತಿತ್ತು. ಒಂಬತ್ತನೇ ಚಿತ್ರಕ್ಕೆ ಕರೆಂಟು ಹೋಯಿತು. ಬಂದ ಮೇಲೆ ಮತ್ತೆ ಮೊದಲಿನಿಂದ. ಕಡೇ ಬಸ್ಸಿಗೆ ಇನ್ನು ಹತ್ತು ನಿಮಿಷ ಇರುವಾಗ 17ನೇ ಚಿತ್ರ ತೆರೆಯಿತು. ನನಗೆ ಬೇಕಾದ ನೀಲನಕ್ಷೆ ಅದೊಂದರಲ್ಲೇ ಇತ್ತು, ಅದೂ ಅಡ್ಡ ಮಲಗಿತ್ತು. ಕತ್ತು ವಾಲಿಸಿಕೊಂಡು ನೋಟ್‌ಬುಕ್ಕಿಗೆ ಬರೆದುಕೊಂಡು ಬಸ್ಸಿಗೆ ಓಡಿದೆ. ಕಳಿಸಿದವರ ಮನಸ್ಸು ದೊಡ್ಡದು, ಅದರಲ್ಲಿ ಅನುಮಾನವೇ ಇಲ್ಲ. "ನೀಲನಕ್ಷೆ 17ನೇ ಚಿತ್ರದಲ್ಲಿದೆ" ಎಂಬ ಒಂದು ಸಾಲು ಇದ್ದಿದ್ದರೆ ಅವರ ದೊಡ್ಡತನ ನನಗೆ ಪೂರ್ತಿಯಾಗಿ ತಲುಪುತ್ತಿತ್ತು.

ಮೇಲ್ ಹುಟ್ಟಿದ್ದು ಬರೀ ಅಕ್ಷರ ಸಾಗಿಸಲು. ಅದರ ಜೊತೆ ಚಿತ್ರ, ದನಿ ಎಲ್ಲವನ್ನೂ ಕಳಿಸುವ ದಾರಿ ಮಾಡಿಕೊಟ್ಟವರಲ್ಲಿ ಮುಖ್ಯರು ಅಮೆರಿಕದ ನೆಥಾನಿಯಲ್ ಬೊರೆನ್‌ಸ್ಟೈನ್. 1992ರ ಮಾರ್ಚ್ 11ರಂದು ಅವರು ಕಳಿಸಿದ ಮೇಲ್‌ನಲ್ಲಿ ನಾಲ್ವರು ಸೇರಿ ಹಾಡುವ ತಮ್ಮ ತಂಡದ ಫೋಟೊ ಮತ್ತು ಹಾಡು ಇದ್ದವು. ಇದೆಲ್ಲ ಯಾಕೆ ಬೇಕು ಎಂದವರಿಗೆ, ಮುಂದೆ ನನಗೆ ಮೊಮ್ಮಕ್ಕಳಾದಾಗ ಅವರ ಫೋಟೊ ಮೇಲ್‌ನಲ್ಲಿ ಬರಬೇಕಲ್ಲ ಎನ್ನುತ್ತಿದ್ದರಂತೆ. ಎಷ್ಟು ಚೆಂದದ ಕಾರಣ! ಆದರೆ ಅಕ್ಷರದ ದಾರಿಯಲ್ಲಿ ಚಿತ್ರ ಹೋಗಬೇಕಾದರೆ ಅದನ್ನು ಅಕ್ಷರಗಳಾಗಿ ಬದಲಿಸಿ ಕಟ್ಟಬೇಕು. ಮೂರು ಬೈಟ್ ಇದ್ದದ್ದು ನಾಲ್ಕಾಗುತ್ತದೆ. ನಾವು ಲಗತ್ತಿಸುವ 9 ಎಂಬಿ ಫೈಲ್ ಸಾಗುವಾಗ 12 ಎಂಬಿ. ಮೂಟೆ ತೂಗಿದರೆ ಗೋಣಿಚೀಲದ ತೂಕವೂ ಸೇರುತ್ತದಲ್ಲ, ಹಾಗೆ. ಅದಕ್ಕೇ ದೊಡ್ಡ ಫೈಲ್ ಆದರೆ ಗೂಗಲ್ ಡ್ರೈವ್‌ನಲ್ಲಿ ಇಟ್ಟು ಅದರ ಕೊಂಡಿ (ಲಿಂಕ್) ಕಳಿಸುವುದು ಒಳ್ಳೆಯದು. ಕಳಿಸುವ ಮುಂಚೆ ಅದನ್ನು ಬೇರೆಯವರೂ ತೆರೆಯಬಹುದು ಎಂದು ಬದಲಿಸಿದ್ದೇವಾ ಎಂದು ಮಾತ್ರ ನೋಡಿಕೊಳ್ಳಬೇಕು. ಇಲ್ಲದಿದ್ದರೆ ನಾಲ್ಕು ನೂರು ಜನ ಬಾಗಿಲು ತಟ್ಟಿ 'ಅನುಮತಿ ಕೊಡಿ' ಎಂದು ನಿಂತಿರುತ್ತಾರೆ, ಕಳಿಸಿದವರು ಊಟ ಮಾಡಿ ಮಲಗಿರುತ್ತಾರೆ.

ಕನ್ನಡದಲ್ಲಿ ಬರೆಯುವವರಿಗೆ ಇರುವ ಇನ್ನೊಂದು ಕಷ್ಟದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಅದು ಫಾಂಟ್. ಕನ್ನಡ ಟೈಪ್ ಮಾಡುವ ನುಡಿ, ಬರಹ ಎಂಬ ತಂತ್ರಾಂಶಗಳು ಇಲ್ಲದಿದ್ದರೆ ಶಾಲೆ, ಕಚೇರಿಗಳ ಕಂಪ್ಯೂಟರ್‌ಗೆ ಕನ್ನಡ ಅಷ್ಟು ಬೇಗ ಬರುತ್ತಿರಲಿಲ್ಲ. ಆ ಋಣ ದೊಡ್ಡದು. ಆದರೆ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್‌ನ ಒಳಗೆ ಇರುವುದು ಕನ್ನಡ ಅಕ್ಷರಗಳಲ್ಲ. ಇಂಗ್ಲಿಷ್ ಮುಂತಾದ ಯುರೋಪಿನ ಲಿಪಿಯ ಗುರುತುಗಳು. ಅವಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್. ಆ ಫಾಂಟ್ ಇಲ್ಲದ ಫೋನಿನಲ್ಲಿ 'ಕನ್ನಡ' ಎಂಬ ಪದ ತೆರೆದು ನೋಡಿ. ಮೊದಲು ಇಂಗ್ಲಿಷಿನ ಪಿ. ಆಮೇಲೆ ತಲೆ ಮೇಲೆ ಗೀರು ಇರುವ ಎ. ಆಮೇಲೆ ಬ್ರಿಟನ್ನಿನ ಪೌಂಡ್ ಗುರುತು. ಮತ್ತೆ ಗೀರಿನ ಎ, ಜರ್ಮನ್ ಭಾಷೆಯದೊಂದು ಅಕ್ಷರ, ಕ್ಯೂ, ಮತ್ತೊಂದು ಗೀರಿನ ಎ. ಮೂರಕ್ಷರದ ನಮ್ಮ ಹೆಸರು ಹೀಗೆ ಕಾಣುತ್ತದೆ. ಮೇಲ್‌ನಲ್ಲಿ ಕನ್ನಡ ಪದ ಹಾಕಿ ಹುಡುಕಿದರೂ ಇಂಥ ಫೈಲ್ ಸಿಗುವುದಿಲ್ಲ, ಯಾಕೆಂದರೆ ಅದರಲ್ಲಿ ಆ ಪದವೇ ಇಲ್ಲ.

ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಪದ್ಧತಿಗೆ ಯೂನಿಕೋಡ್ ಎನ್ನುತ್ತಾರೆ. ಹಳೆಯ ಫೈಲನ್ನು ಅದಕ್ಕೆ ಬದಲಿಸುವ ಪರಿವರ್ತಕಗಳು ಇವೆ. ಒಮ್ಮೆ ಮೂವತ್ತು ಪುಟದ ವ್ಯಾಕರಣ ಟಿಪ್ಪಣಿಯನ್ನು ಹಾಗೆ ಬದಲಿಸಿದೆ. ನುಡಿಯಲ್ಲಿ ಅರ್ಕಾವೊತ್ತು ಅಕ್ಷರ ಆದ ಮೇಲೆ ಕೂರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ನಾನು ಬಳಸಿದ ಪರಿವರ್ತಕ ಅಲ್ಲಲ್ಲಿ ಎಡವಿತ್ತು. 'ಕರ್ಮಣಿ ಪ್ರಯೋಗ'ದ ಪಾಠ ಪೂರ್ತಿ ತಿದ್ದಬೇಕಾಯಿತು. ನಡುವೆ ಇದ್ದ ಇಂಗ್ಲಿಷ್ ಪದಗಳೆಲ್ಲ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಬಿದ್ದಿದ್ದವು. ಎರಡು ಭಾನುವಾರ ಹಿಡಿಯಿತು. ಇದೇ ಟಿಪ್ಪಣಿಯನ್ನು ಇನ್ನೆಷ್ಟು ಜನ ಇನ್ನೆಷ್ಟು ಭಾನುವಾರ ಕೂತು ತಿದ್ದಿದರೋ ಎಂದು ಯೋಚಿಸಿದರೆ ಬೇಸರವಾಗುತ್ತದೆ. ಯೂನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದೆ. 2001ರ ವಿಂಡೋಸ್ ಎಕ್ಸ್‌ಪಿ ಜೊತೆಗೇ ತುಂಗಾ ಫಾಂಟ್ ಬಂತು. ಇವತ್ತು ಯಾವ ಫೋನಿನಲ್ಲಾದರೂ ಕನ್ನಡ ನೇರವಾಗಿ ಕಾಣುತ್ತದೆ. ಹಳೆಯ ಫೈಲ್ ಕಳಿಸಲೇಬೇಕಾದರೆ ಪಿಡಿಎಫ್ ಮಾಡಿ ಕಳಿಸಿ, ಅಕ್ಷರದ ರೂಪ ಅದರೊಳಗೇ ಸೇರಿ ಬರುತ್ತದೆ. ತಿದ್ದಿ ಬಳಸಲಿ ಎಂಬ ಆಸೆ ಇದ್ದರೆ ಯೂನಿಕೋಡ್ ಪ್ರತಿಯನ್ನೂ ಜೊತೆಗಿಡಿ. ಒಬ್ಬರು ಒಂದು ಸಲ ಮಾಡಿದರೆ ಸಾಕಾಗುವ ಕೆಲಸ ಇದು.

ಫೈಲ್ ಹೆಸರಿನ ವಿಷಯ ಸಣ್ಣದು. 'ಫೈನಲ್', 'ಹೊಸದು', 'ಫೈನಲ್ 2' ಅನ್ನುವ ಹೆಸರುಗಳು ಇಟ್ಟವರಿಗೆ ಮಾತ್ರ ಅರ್ಥವಾಗುತ್ತವೆ. ತರಗತಿ, ವಿಷಯ, ಪಾಠ, ವರ್ಷ ಹಾಕಿ ಹೆಸರಿಟ್ಟರೆ ಮುಂದಿನ ಜೂನ್‌ನಲ್ಲೂ ಸಿಗುತ್ತದೆ.

ಈ ಶಿಸ್ತೆಲ್ಲ ನಮಗೆ ಹೊರಗಿನಿಂದ ಬಂದದ್ದೇನೂ ಅಲ್ಲ. ನಮ್ಮ ಊರಿನ ಕಾಗದಗಳಲ್ಲಿ ಆಗಲೇ ಇತ್ತು. ಮೂಲೆಗೆ ಅರಿಶಿನ ಹಚ್ಚಿದ್ದರೆ ಶುಭ ಸಮಾಚಾರ. ಅಂಚಿಗೆ ಕಪ್ಪು ಬಳಿದಿದ್ದರೆ ಸಾವಿನ ಸುದ್ದಿ. ಓದು ಬಾರದ ನಮ್ಮ ದೊಡ್ಡಮ್ಮನಿಗೂ ಒಡೆಯುವ ಮುಂಚೆಯೇ ವಿಷಯ ಗೊತ್ತಾಗುತ್ತಿತ್ತು. ಉತ್ತರ ಬರೆಯುವವರು 'ಉಭಯ ಕುಶಲೋಪರಿ' ಆದ ಕೂಡಲೇ 'ನೀವು ಇಂಥ ತಾರೀಕು ಬರೆದ ಕಾಗದ ತಲುಪಿತು, ಹೊಲದ ವಿಷಯ ತಿಳಿಯಿತು' ಎಂದು ಶುರು ಮಾಡುತ್ತಿದ್ದರು. ಯಾವ ಮಾತಿಗೆ ಇದು ಉತ್ತರ ಎಂದು ಮೊದಲ ಸಾಲಿನಲ್ಲೇ ತಿಳಿಯುತ್ತಿತ್ತು. ಸರ್ಕಾರಿ ಕಾಗದವನ್ನೇ ನೋಡಿ. ಮೇಲೆ 'ವಿಷಯ', ಕೆಳಗೆ 'ಉಲ್ಲೇಖ', ಕೊನೆಯಲ್ಲಿ 'ಅಡಕ' ಎಂದು ಏನೇನು ಲಗತ್ತಿಸಿದೆ ಎಂಬ ಪಟ್ಟಿ, ಆಮೇಲೆ 'ಪ್ರತಿ' ಯಾರ್‍ಯಾರಿಗೆ ಎಂಬ ವಿವರ. ನನ್ನಪ್ಪ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅಡಕ ಎಂದು ಬರೆದು ಹಾಳೆ ಇಡುವುದು ಮರೆತರೆ ಅವರಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಮೇಲ್‌ನಲ್ಲಿ ಇವಕ್ಕೆಲ್ಲ ಜಾಗ ಮಾಡಿಟ್ಟಿದ್ದಾರೆ. ಉಲ್ಲೇಖವಂತೂ ಕಾಣದ ಹಾಗೆ ತಾನೇ ಸೇರಿಕೊಳ್ಳುತ್ತದೆ. ಪ್ರತಿ ಮೇಲ್‌ಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ, 'ಉತ್ತರಿಸಿ' ಒತ್ತಿದರೆ ನಮ್ಮ ಮೇಲ್ ಆ ಸಂಖ್ಯೆಯನ್ನು ಹೊತ್ತುಕೊಂಡು ಹೋಗುತ್ತದೆ. ಅದಕ್ಕೇ ಹೊಸ ವಿಷಯ ಎತ್ತುವಾಗ ಯಾವುದೋ ಹಳೆಯ ಮೇಲ್‌ಗೆ ಉತ್ತರವಾಗಿ ಬರೆಯಬಾರದು. ಸಂಬಂಧವಿಲ್ಲದ ಎರಡು ಮಾತು ಗಂಟುಬಿದ್ದು, ಹೊಸದು ಹಳೆಯದರ ಅಡಿಯಲ್ಲಿ ಹೂತುಹೋಗುತ್ತದೆ.

ಈಗ ಮನಸ್ಸಿಗೆ ಚುಚ್ಚಿದ ಒಂದು ಸಂಗತಿ. ನಮ್ಮಲ್ಲಿ ಹಿರಿಯ ಮೇಷ್ಟ್ರೊಬ್ಬರಿದ್ದರು. ನಿವೃತ್ತಿಗೆ ನಾಲ್ಕು ವರ್ಷ ಇರುವಾಗ ಮೇಲ್ ಕಲಿತವರು. ಒಂದು ಬೆರಳಲ್ಲಿ ಟೈಪ್ ಮಾಡಿ, ತುಂಬ ಸಂಕೋಚದಿಂದ ಒಂದು ಪ್ರಶ್ನೆ ಕೇಳಿದರು. ಮೌಲ್ಯಮಾಪನದ ಹೊಸ ನಮೂನೆಯಲ್ಲಿ ಅಂಕಗಳನ್ನು ಗ್ರೇಡ್‌ಗೆ ಹೇಗೆ ಬದಲಿಸುವುದು ಎಂದು. ಅರ್ಧ ಗಂಟೆಯಲ್ಲಿ ಒಬ್ಬ ಮೇಡಂ ಸೊಗಸಾದ ಉತ್ತರ ಬರೆದರು, ಉದಾಹರಣೆ ಸಮೇತ. ಆಮೇಲೆ ಶುರುವಾಯಿತು. 'ಧನ್ಯವಾದಗಳು ಮೇಡಂ.' 'ಸೂಪರ್.' 'ಉಪಯುಕ್ತ ಮಾಹಿತಿ.' ಒಂದು ಕೈಮುಗಿದ ಚಿತ್ರ. 'ನನಗೂ ಇದೇ ಡೌಟು ಇತ್ತು.' 'ಶುಭೋದಯ.' ಅದರ ನಡುವೆ ಒಬ್ಬರು, "ಇಷ್ಟು ವರ್ಷ ಸರ್ವಿಸ್ ಆದವರಿಗೆ ಇದೂ ಗೊತ್ತಿಲ್ವಾ" ಎಂದು ಬರೆದರು. ಪಕ್ಕದ ಸ್ನೇಹಿತರಿಗೆ ಹೇಳಬೇಕೆಂದಿದ್ದ ಮಾತಂತೆ. ಎಲ್ಲರಿಗೂ ಹೋಯಿತು.

ನಾನೂ ಆ ದಿನ 'ಧನ್ಯವಾದಗಳು' ಎಂದು ಎಲ್ಲರಿಗೂ ಕಳಿಸಿದವರಲ್ಲಿ ಒಬ್ಬ. ಸಂಜೆ ಮೇಷ್ಟ್ರಿಗೆ ಫೋನ್ ಮಾಡಿದೆ. ನಲವತ್ತಕ್ಕೂ ಹೆಚ್ಚು ಮೇಲ್ ಬಂದಿದ್ದವು. ಅವರು ಒಂದೊಂದನ್ನೂ ತೆರೆದು ಓದಿದ್ದರು. ಪ್ರಶ್ನೆ ಕೇಳಿದವನು ನಾನಲ್ಲವೇ, ಎಲ್ಲರ ಉತ್ತರ ನೋಡುವುದು ಮರ್ಯಾದೆ ಅಂದುಕೊಂಡಿದ್ದರು. ಮೇಡಂ ಬರೆದ ಉತ್ತರ ಮಾತ್ರ ಅವರ ಕಣ್ಣಿಗೆ ಬಿದ್ದಿರಲಿಲ್ಲ, ಎಲ್ಲೋ ಕೆಳಗೆ ಮಡಚಿಕೊಂಡಿತ್ತು. ಕಣ್ಣಿಗೆ ಬಿದ್ದದ್ದು ಆ ಇನ್ನೊಂದು ಸಾಲು. "ಬಿಡಿ ಸರ್, ಇನ್ಮೇಲೆ ಕೇಳಲ್ಲ" ಅಂದರು. ಸಿಟ್ಟಿರಲಿಲ್ಲ ದನಿಯಲ್ಲಿ. ಅದೇ ನನಗೆ ಜಾಸ್ತಿ ನೋವಾಯಿತು. ಮಾರನೇ ದಿನ ಸೈಕಲ್ ತುಳಿದುಕೊಂಡು ಅವರ ಶಾಲೆಗೆ ಹೋಗಿ, ಮೇಡಂ ಬರೆದದ್ದನ್ನು ಪ್ರಿಂಟ್ ತೆಗೆದು ಕೊಟ್ಟು ಬಂದೆ.

ಅಂದಿನಿಂದ ಥ್ಯಾಂಕ್ಸ್ ಹೇಳಬೇಕಾದರೆ ಬರೆದವರಿಗೆ ಮಾತ್ರ ಹೇಳುತ್ತೇನೆ. ಅವರ ಹೆಸರು ಹಿಡಿದು, ಯಾವ ಮಾತು ನನಗೆ ಉಪಯೋಗವಾಯಿತು ಎಂದು ಒಂದು ಸಾಲು ಸೇರಿಸಿ. ಅದನ್ನು ಓದಿದವರಿಗೆ ಆಗುವ ಖುಷಿಯೇ ಬೇರೆ. 'ಎಲ್ಲರಿಗೂ ಉತ್ತರಿಸಿ' ಗುಂಡಿ ಒತ್ತುವ ಮುಂಚೆ ವಿಳಾಸದ ಸಾಲನ್ನು ಬೆರಳಿಟ್ಟು ಓದುತ್ತೇನೆ.

ಇದು ನಮ್ಮಂಥವರ ತೊಂದರೆ ಮಾತ್ರ ಅಂದುಕೊಳ್ಳಬೇಡಿ. 1997ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಒಳಗೇ ಹೀಗಾಯಿತು. 'ಬೆಡ್‌ಲ್ಯಾಂ ಡಿಎಲ್3' ಎಂಬ ಪಟ್ಟಿಯಲ್ಲಿ ಸುಮಾರು 13,000 ಉದ್ಯೋಗಿಗಳ ವಿಳಾಸ ಇತ್ತು. ಒಬ್ಬರು, ನಾನ್ಯಾಕೆ ಇದರಲ್ಲಿದ್ದೇನೆ, ತೆಗೆಯಿರಿ ಎಂದು ಎಲ್ಲರಿಗೂ ಬರೆದರು. 'ನನ್ನನ್ನೂ' ಎಂದು ಇನ್ನೊಬ್ಬರು. 'ನನ್ನನ್ನೂ' ಎಂದು ಮತ್ತೊಬ್ಬರು. 'ದಯವಿಟ್ಟು ಎಲ್ಲರಿಗೂ ಉತ್ತರಿಸಬೇಡಿ' ಎಂದು ಹೇಳಿದವರೂ ಅದನ್ನು ಎಲ್ಲರಿಗೂ ಕಳಿಸಿದರು. ಸುಮಾರು ಒಂದು ಗಂಟೆಯಲ್ಲಿ ಒಂದೂವರೆ ಕೋಟಿ ಮೇಲ್ ಹರಿದು ಸರ್ವರ್‌ಗಳು ಕುಸಿದವು. ಮೇಲ್ ತಂತ್ರಾಂಶ ಮಾಡುವವರ ಮನೆಯಲ್ಲೇ ಹೀಗಾಯಿತು. ಒಬ್ಬೊಬ್ಬರದೂ ಒಂದೊಂದೇ ಸಾಲು, ಯಾರದ್ದೂ ಕೆಟ್ಟ ಉದ್ದೇಶ ಅಲ್ಲ.

ಸಿಟ್ಟಿನ ಉತ್ತರದ ಬಗ್ಗೆ ಹ್ಯಾಂಬ್ರಿಡ್ಜ್ ಅವರ ಕೈಪಿಡಿ ಹೇಳುವುದು ಇಷ್ಟೇ: ಒಂದು ರಾತ್ರಿ ಕಳೆಯಲಿ. ಇದನ್ನು ನಾನು ತಪ್ಪದೆ ಪಾಲಿಸುತ್ತೇನೆ. ಸಿಟ್ಟು ಬಂದಾಗ ವಿಳಾಸದ ಜಾಗ ಖಾಲಿ ಬಿಟ್ಟು ಬರೆಯುತ್ತೇನೆ, ತಪ್ಪಿ ಬೆರಳು ತಾಗಿದರೂ ಹೋಗದ ಹಾಗೆ. ಬೆಳಿಗ್ಗೆ ಓದಿದರೆ ಮುಕ್ಕಾಲು ಪಾಲು ಅಳಿಸುವಂಥದ್ದೇ ಇರುತ್ತದೆ.

ಇನ್ನೊಂದನ್ನು ಮಾತ್ರ ಯಾವ ರಾತ್ರಿಯೂ ಸರಿಮಾಡಲಾರದು. ಒಂದು ಸಲ ಅಂಕಪಟ್ಟಿಯ ನಮೂನೆ ಬೇಕೆಂದು ಯಾರೋ ಕೇಳಿದಾಗ, ಇನ್ನೊಬ್ಬರು ತಮ್ಮ ತರಗತಿಯ ತುಂಬಿದ ಪಟ್ಟಿಯನ್ನೇ ಲಗತ್ತಿಸಿಬಿಟ್ಟರು. ಮಕ್ಕಳ ಹೆಸರು, ಜಾತಿ, ಅಪ್ಪ ಅಮ್ಮನ ಮೊಬೈಲ್ ನಂಬರ್, ಎಲ್ಲ. ಹತ್ತು ನಿಮಿಷದಲ್ಲಿ ಗೊತ್ತಾಗಿ 'ದಯವಿಟ್ಟು ಅಳಿಸಿ' ಎಂದು ಬರೆದರು. ಆದರೆ ನಾಲ್ಕು ನೂರು ಕಡೆ ಇಳಿದ ಪ್ರತಿಯನ್ನು ಯಾರು ಹಿಂದಕ್ಕೆ ತರುತ್ತಾರೆ? ಜಿಮೇಲ್‌ನಲ್ಲಿ ಕಳಿಸಿದ್ದನ್ನು ಹಿಂದಕ್ಕೆ ಪಡೆಯಲು ಸಿಗುವುದು ಹೆಚ್ಚೆಂದರೆ 30 ಸೆಕೆಂಡು. ಆ ಮಕ್ಕಳು ಹದಿನಾಲ್ಕು ಹದಿನೈದು ವರ್ಷದವರು. ಗಣಿತದಲ್ಲಿ ಆರು ಅಂಕ ಬಂದದ್ದು ಜಿಲ್ಲೆಗೆಲ್ಲ ಗೊತ್ತಾಗಬೇಕಿರಲಿಲ್ಲ. ನಮೂನೆ ಕಳಿಸುವಾಗ ಖಾಲಿ ಮಾಡಿದ ಪ್ರತಿಯನ್ನೇ ಕಳಿಸಬೇಕು. ಕಳಿಸುವ ಮುಂಚೆ ಫೈಲನ್ನು ಒಂದು ಸಲ ತೆರೆದು, ಕೆಳಗಿನ ಬೇರೆ ಹಾಳೆಗಳನ್ನೂ ನೋಡಬೇಕು. ಎಕ್ಸೆಲ್‌ನಲ್ಲಿ ಎರಡನೇ ಹಾಳೆ ಅವಿತುಕೊಂಡಿರುತ್ತದೆ.

ಆ ಹಿರಿಯ ಮೇಷ್ಟ್ರು ನಿವೃತ್ತರಾದ ವರ್ಷ, ಮೇ ತಿಂಗಳ ಕೊನೆಯಲ್ಲಿ, ಅವರಿಂದ ಎಲ್ಲರಿಗೂ ಒಂದು ಮೇಲ್ ಬಂತು. ಪ್ರಶ್ನೆ ಕೇಳುವುದನ್ನು ಬಿಟ್ಟ ಮೇಲೆ ಅದೇ ಮೊದಲು. ವಿಷಯದ ಜಾಗದಲ್ಲಿ ಹೀಗಿತ್ತು: '10ನೇ ತರಗತಿ, ಛಂದಸ್ಸು, ಅಭ್ಯಾಸದ ಹಾಳೆಗಳು.' ಒಳಗೆ ಐದೇ ಸಾಲು. ಒಟ್ಟು 26 ಪುಟ ಇದೆ. ಯೂನಿಕೋಡ್‌ನಲ್ಲಿದೆ, ಪಿಡಿಎಫ್ ಕೂಡ ಇಟ್ಟಿದ್ದೇನೆ. ಪ್ರಸ್ತಾರ ಹಾಕುವ ಅಭ್ಯಾಸ 9ನೇ ಪುಟದಿಂದ. ಯಾರು ಬೇಕಾದರೂ ಬದಲಿಸಿ ಬಳಸಬಹುದು. ತಪ್ಪು ಕಂಡರೆ ನನಗೊಬ್ಬನಿಗೆ ಬರೆಯಿರಿ, ತಿದ್ದಿ ಎಲ್ಲರಿಗೂ ಒಟ್ಟಿಗೇ ಕಳಿಸುತ್ತೇನೆ.

ಅವತ್ತೇ ಕೂತು ಪೂರ್ತಿ ಓದಿದೆ. 14ನೇ ಪುಟದ ಕಂದಪದ್ಯದಲ್ಲಿ ಒಂದು ಗಣಕ್ಕೆ ಐದು ಮಾತ್ರೆ ಬಂದಿತ್ತು. ಅವರೊಬ್ಬರಿಗೇ ಬರೆದೆ. ಮೂರನೇ ದಿನ ಹೊಸ ಫೈಲ್ ಬಂತು. ಅದರ ಜೊತೆಗೆ ಒಂದು ಸಾಲು: "ಪುಟ 14 ತಿದ್ದಿದೆ, ಉಳಿದದ್ದು ಹಾಗೇ ಇದೆ. ಹಳೆಯದನ್ನು ಪ್ರಿಂಟ್ ತೆಗೆದವರು ಆ ಒಂದು ಪುಟ ಮಾತ್ರ ಬದಲಿಸಿಕೊಂಡರೆ ಸಾಕು."